ಡೈರೆಕ್ಟರಿ ಕಟ್ಟುವವರು ಯಾರು, ತೆಗೆಯುವವರು ಯಾರು?

ಶಿರಸಿಯಿಂದ ಸ್ವಲ್ಪ ದೂರದ ಒಂದು ಅಡಿಕೆ ಸೊಸೈಟಿಗೆ ನಾನು ಚಿಕ್ಕ ಸಾಫ್ಟ್‌ವೇರ್ ಒಂದನ್ನು ಮಾಡಿಕೊಟ್ಟಿದ್ದೆ. ಅಡಿಕೆ ಚೀಲ ತೂಕಕ್ಕೆ ಬಂದಾಗ ಸದಸ್ಯರ ಹೆಸರು, ಅಡಿಕೆಯ ಬಗೆ ಚಾಲಿಯೋ ರಾಶಿಯೋ ಅನ್ನುವುದು, ಎಷ್ಟು ಕೆಜಿ ಅನ್ನುವುದು, ಇಷ್ಟನ್ನು ಬರೆದುಕೊಂಡು ಚೀಟಿ ಮುದ್ರಿಸಬೇಕು. ಅಷ್ಟೇ ಕೆಲಸ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಕಂಪ್ಯೂಟರ್. ಇನ್‌ಸ್ಟಾಲ್ ಮಾಡಿದೆ, ಅಲ್ಲೇ ಕೂತು ಎರಡು ಚೀಟಿ ತೆಗೆದು ನೋಡಿದೆ, ಚಹಾ ಕುಡಿದು ಮನೆಗೆ ಬಂದೆ. ಮಾರನೇ ದಿನ ಬೆಳಗ್ಗೆ ಕಾರ್ಯದರ್ಶಿಯವರ ಫೋನು.

"ತಮಾ, ಇದು ಓಪನ್ನೇ ಆಗ್ತಿಲ್ಲೆ ಮಾರಾಯ."

ಹೋಗಿ ನೋಡಿದೆ. ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಎಲ್ಲರೂ ಓದಬಹುದು, ನಡೆಸಬಹುದು ಎಂಬ ಅನುಮತಿಯೂ ಸರಿಯಾಗಿಯೇ ಇತ್ತು. ಆದರೂ ಗುಮಾಸ್ತರ ಲಾಗಿನ್‌ನಿಂದ ತೆರೆದರೆ 'ಪರ್ಮಿಷನ್ ಡಿನೈಡ್' ಅನ್ನುತ್ತಿತ್ತು. ಹಿಂದಿನ ದಿನ ನಾನು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಲಾಗಿನ್‌ನಿಂದ, ನೋಡಿದ್ದೆ. ರೂಟ್‌ಗೆ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ತಪ್ಪು ಫೈಲಿನಲ್ಲಿ ಇರಲಿಲ್ಲ. ಫೈಲಿಗೆ ಹೋಗುವ ದಾರಿಯಲ್ಲಿತ್ತು. ನನ್ನ ಇನ್‌ಸ್ಟಾಲ್ ಸ್ಕ್ರಿಪ್ಟ್ (ಇನ್‌ಸ್ಟಾಲ್ ಮಾಡುವ ಕಮಾಂಡುಗಳ ಪಟ್ಟಿ) ದಾರಿಯಲ್ಲಿ ಕಟ್ಟಿದ್ದ ಡೈರೆಕ್ಟರಿಯೊಂದು, ಅಂದರೆ ಫೋಲ್ಡರ್ ಒಂದು, ಬೀಗ ಹಾಕಿಕೊಂಡು ಕೂತಿತ್ತು.

ಸಾಫ್ಟ್‌ವೇರ್ ಬರೆಯುವ ನಾವು ಪ್ರೋಗ್ರಾಂ ಬಗ್ಗೆ ತುಂಬಾ ಯೋಚಿಸುತ್ತೇವೆ. ಅದು ಹೋಗಿ ಕೂರುವ ಡೈರೆಕ್ಟರಿಗಳನ್ನು ಮಾತ್ರ ಸುಮ್ನೆ ಒಂದು ಸಾಲಿನಲ್ಲಿ ಮಾಡಿ ಮುಗಿಸುತ್ತೇವೆ. ಆ ಒಂದು ಸಾಲಿನಲ್ಲಿ ಎಷ್ಟೆಲ್ಲ ಅಡಗಿದೆ ಎಂದು ಆಮೇಲೆ ಬಿಡಿಸಿ ನೋಡುತ್ತಾ ಹೋದೆ. ಕಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಣಪೆ ದಾಟುವ ಅನುಮತಿ

ನಮ್ಮ ಕಡೆ ಮನೆಗೆ ಹೋಗಬೇಕಾದರೆ ಒಂದೆರಡು ದಣಪೆ, ಅಂದರೆ ಬೇಲಿಯ ಗೇಟು, ದಾಟಬೇಕು. ಬೇಲಿಗೆ ಒಂದು ದಣಪೆ, ತೋಟದ ಅಂಚಿಗೆ ಒಂದು, ಅಂಗಳಕ್ಕೆ ಇನ್ನೊಂದು. ಮನೆಯ ಬಾಗಿಲು ಹಾರು ಹೊಡೆದುಕೊಂಡಿದ್ದರೂ ನಡುವಿನ ಒಂದು ದಣಪೆ ಮುಚ್ಚಿದ್ದರೆ ಒಳಗೆ ಹೋಗಲಾಗದು, ಅಲ್ವಾ? ಲಿನಕ್ಸ್‌ನಲ್ಲೂ ಹಾಗೆಯೇ. '/ಆಪ್ಟ್/ತೂಕ/ಬಿನ್' ಎಂಬ ಜಾಗದಲ್ಲಿ ಪ್ರೋಗ್ರಾಂ ಇದ್ದರೆ ಮೊದಲು 'ಆಪ್ಟ್', ಆಮೇಲೆ 'ತೂಕ', ಆಮೇಲೆ 'ಬಿನ್' ದಾಟಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಅನುಮತಿ.

ಡೈರೆಕ್ಟರಿಯ ಅನುಮತಿ ಫೈಲಿನ ಅನುಮತಿಯಂತೆ ಕಂಡರೂ ಅರ್ಥ ಬೇರೆ. ಓದುವ ಅನುಮತಿ ಇದ್ದರೆ ಒಳಗೆ ಏನೇನು ಹೆಸರುಗಳಿವೆ ಎಂದು ನೋಡಬಹುದು. ಬರೆಯುವ ಅನುಮತಿ ಇದ್ದರೆ ಹೊಸ ಹೆಸರು ಸೇರಿಸಬಹುದು, ಇದ್ದದ್ದನ್ನು ತೆಗೆಯಬಹುದು. ಫೈಲಿನಲ್ಲಿ 'ನಡೆಸು' ಎಂಬ ಅರ್ಥ ಕೊಡುವ ಮೂರನೆಯ ಅನುಮತಿಗೆ ಇಲ್ಲಿ 'ದಾಟು' ಎಂಬ ಅರ್ಥ. ಮೂರಕ್ಕೂ ಅಂಕಿ ಇದೆ: ಓದಲು 4, ಬರೆಯಲು 2, ದಾಟಲು 1. ಮಾಲೀಕನಿಗೆ ಮೂರೂ ಸೇರಿ 7, ಗುಂಪಿನವರಿಗೆ ಓದಲು ಮತ್ತು ದಾಟಲು ಸೇರಿ 5, ಉಳಿದವರಿಗೂ 5. ಹೀಗೆ 755 ಆಗುತ್ತದೆ. ಎಲ್ಲರೂ ಬಳಸುವ ಸಾಫ್ಟ್‌ವೇರ್‌ನ ಡೈರೆಕ್ಟರಿಗಳು ಸಾಮಾನ್ಯವಾಗಿ ಇದೇ ಅಂಕಿಯಲ್ಲಿರುತ್ತವೆ. 700 ಆದರೆ ಮಾಲೀಕ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಒಂದು ಫೈಲನ್ನು ಅಳಿಸಲು ಆ ಫೈಲಿನ ಮೇಲೆ ಅನುಮತಿ ಬೇಕಿಲ್ಲ. ಅದು ಇರುವ ಡೈರೆಕ್ಟರಿಯ ಮೇಲೆ ಬರೆಯುವ, ದಾಟುವ ಅನುಮತಿ ಇದ್ದರೆ ಸಾಕು. ತೊಂದರೆ ಯಾಕೆ ಅಂತ 'ಎಲ್ಲರಿಗೂ 777 ಕೊಟ್ಟುಬಿಡೋಣ' ಎನ್ನುವವರನ್ನು ನೋಡಿದ್ದೇನೆ. ಹಾಗೆ ಕೊಟ್ಟರೆ ಸೊಸೈಟಿಯ ಕಂಪ್ಯೂಟರ್ ಮುಂದೆ ಕೂತ ಯಾರು ಬೇಕಾದರೂ ಪ್ರೋಗ್ರಾಂ ತೆಗೆದು ಅದೇ ಹೆಸರಿನ ಬೇರೆ ಪ್ರೋಗ್ರಾಂ ಇಡಬಹುದು. ದಯವಿಟ್ಟು ಬೇಡ.

ಸೊಸೈಟಿಯ ಕಂಪ್ಯೂಟರಿನಲ್ಲಿ 700 ಬಂದಿದ್ದು ಎಲ್ಲಿಂದ? ಯುಮಾಸ್ಕ್‌ನಿಂದ. ಹೊಸ ಡೈರೆಕ್ಟರಿ ಹುಟ್ಟುವಾಗ ಯಾವ ಅನುಮತಿಗಳನ್ನು ಕಳೆಯಬೇಕು ಎಂದು ಹೇಳುವ ಅಂಕಿ ಅದು. 022 ಇದ್ದರೆ 777 ಹೋಗಿ 755 ಆಗುತ್ತದೆ. 077 ಇದ್ದರೆ 700. ಸದಸ್ಯರ ಲೆಕ್ಕ ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದು ಅಲ್ಲಿ ಯಾರೋ 077 ಇಟ್ಟಿದ್ದರು. ಅವರು ಮಾಡಿದ್ದು ಸರಿಯೇ. ಯಾವ ಯುಮಾಸ್ಕ್ ಇದ್ದರೂ ಸರಿಯಾಗಿ ಕೂರುವುದು ನನ್ನ ಸ್ಕ್ರಿಪ್ಟಿನ ಹೊಣೆಯಾಗಿತ್ತು.

ಸರಿ, ಅನುಮತಿಯನ್ನು ನಾನೇ ಹೇಳಿಬಿಡುತ್ತೇನೆ ಎಂದುಕೊಂಡೆ. ಡೈರೆಕ್ಟರಿ ಮಾಡುವ ಕಮಾಂಡ್ 'ಎಂಕೆಡಿರ್'. ಅದಕ್ಕೆ '-ಪಿ' ಸೇರಿಸಿದರೆ ದಾರಿಯಲ್ಲಿ ಇಲ್ಲದ ಮೇಲಿನ ಡೈರೆಕ್ಟರಿಗಳನ್ನೂ ಕಟ್ಟಿಕೊಂಡು ಹೋಗುತ್ತದೆ. ಮೊದಲೇ ಇದ್ದರೆ ತಕರಾರು ಮಾಡುವುದಿಲ್ಲ. '-ಎಂ 755' ಸೇರಿಸಿದರೆ ಅನುಮತಿಯನ್ನೂ ಹೇಳಿದಂತಾಯಿತು. ಹಳೆಯದನ್ನೆಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಮತ್ತೆ ಅದೇ ಕಥೆ.

ಕಾರಣ ಇಷ್ಟೇ. '-ಎಂ' ಹೇಳುವ ಅನುಮತಿ ದಾರಿಯ ಕೊನೆಯ ಡೈರೆಕ್ಟರಿಗೆ ಮಾತ್ರ. ನಡುವೆ '-ಪಿ' ಕಟ್ಟಿದವಕ್ಕೆ ಯುಮಾಸ್ಕ್‌ನ ಅನುಮತಿಯೇ. 'ಬಿನ್' ಡೈರೆಕ್ಟರಿಗೆ 755 ಬಂದಿತ್ತು, ಅದರ ಮೇಲಿನ 'ತೂಕ' 700 ಆಗಿಯೇ ಉಳಿದಿತ್ತು. ಒಳಗಿನ ದಣಪೆ ತೆರೆದಿದೆ, ಹೊರಗಿನದು ಮುಚ್ಚಿದೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರೂ ಇದನ್ನು ನೆನಪಿಡಬೇಕು: ಅಲ್ಲಿನ 'ಮೇಕ್‌ಡಿರ್ಸ್' ಮೊದಲು ನಡುವಿನವಕ್ಕೂ ಹೇಳಿದ ಅನುಮತಿಯನ್ನೇ ಬಳಸುತ್ತಿತ್ತು, 3.7ನೇ ಆವೃತ್ತಿಯಿಂದ ಕೊನೆಯದಕ್ಕೆ ಮಾತ್ರ ಬಳಸುತ್ತದೆ.

ಇನ್‌ಸ್ಟಾಲ್ ಮಾಡುವ ಕೆಲಸಕ್ಕೆ ಅಂತಲೇ ಇರುವ ಕಮಾಂಡಿನ ಹೆಸರು 'ಇನ್‌ಸ್ಟಾಲ್'. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಅದರ ಗ್ನೂ ಆವೃತ್ತಿಯಲ್ಲಿ 'ಇನ್‌ಸ್ಟಾಲ್ -ಡಿ' ಎಂದರೆ ದಾರಿಯಲ್ಲಿ ಇಲ್ಲದ ಡೈರೆಕ್ಟರಿಗಳೆಲ್ಲ 755 ಆಗಿಯೇ ಹುಟ್ಟುತ್ತವೆ. ಯುಮಾಸ್ಕ್ ಏನೇ ಇರಲಿ. ನನಗೆ ಬೇಕಾಗಿದ್ದು ಇದೇ. ಆದರೆ ಇದಕ್ಕೂ ಒಂದು ಹರಿತವಾದ ಅಂಚಿದೆ. ಎಂಕೆಡಿರ್ ಮೊದಲೇ ಇದ್ದ ಡೈರೆಕ್ಟರಿಯನ್ನು ಮುಟ್ಟುವುದಿಲ್ಲ. ಇನ್‌ಸ್ಟಾಲ್ ಹಾಗಲ್ಲ, ಕೊನೆಯ ಡೈರೆಕ್ಟರಿ ಮೊದಲೇ ಇದ್ದರೂ ಅದರ ಅನುಮತಿಯನ್ನು ಬದಲಿಸಿಬಿಡುತ್ತದೆ. '/ಟೆಂಪ್' ಎಲ್ಲರೂ ಬರೆಯುವ ಜಾಗ. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸದಂತೆ ಅದಕ್ಕೆ 1777 ಎಂಬ ವಿಶೇಷ ಅನುಮತಿ ಇರುತ್ತದೆ. ರೂಟ್ ಆಗಿ 'ಇನ್‌ಸ್ಟಾಲ್ -ಡಿ /ಟೆಂಪ್' ಎಂದು ಒಮ್ಮೆ ಹೇಳಿದರೆ ಸಾಕು, ಅದು 755 ಆಗಿ ಉಳಿದ ಎಲ್ಲ ಪ್ರೋಗ್ರಾಂಗಳ ಕೈ ಕಟ್ಟುತ್ತದೆ. ಹಾಗಾಗಿ ಈ ಕಮಾಂಡನ್ನು ನಮ್ಮದೇ ಆದ ಡೈರೆಕ್ಟರಿಗೆ ಮಾತ್ರ ಬಳಸಬೇಕು. ಊರಿಗೆಲ್ಲ ಸೇರಿದ್ದಕ್ಕೆ ಬಳಸಬಾರದು.

ಮೊದಲು ನೋಡಿ ಆಮೇಲೆ ಕಟ್ಟುವುದು

'ಡೈರೆಕ್ಟರಿ ಇದೆಯಾ ನೋಡು, ಇಲ್ಲದಿದ್ದರೆ ಮಾಡು.' ಓದಲು ಎಷ್ಟು ಸರಿಯಾಗಿದೆ! ನಾನೂ ವರ್ಷಗಟ್ಟಲೆ ಹೀಗೇ ಬರೆದೆ. ಆದರೆ ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಸಣ್ಣ ಸಂದಿ ಇದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಸಾಫ್ಟ್‌ವೇರ್ ಕಟ್ಟುವ 'ಮೇಕ್' ಎಂಬ ಕಮಾಂಡಿನ ಕೆಲಸವನ್ನು ಎಂಟು ಭಾಗ ಮಾಡಿ ಒಟ್ಟಿಗೆ ಓಡಿಸುತ್ತೇವೆ. ಇಬ್ಬರು ಒಂದೇ ಹೊತ್ತಿಗೆ ನೋಡಿದರು, ಇಬ್ಬರಿಗೂ ಇಲ್ಲ ಎಂದು ಕಂಡಿತು. ಒಬ್ಬ ಮಾಡಿದ. ಇನ್ನೊಬ್ಬ ಮಾಡಲು ಹೋದರೆ 'ಈಗಾಗಲೇ ಇದೆ' ಎಂಬ ದೋಷ ಬಂತು, ಇಡೀ ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು. ಹತ್ತು ಸಲದಲ್ಲಿ ಒಂಬತ್ತು ಸಲ ಸರಿ ಬರುತ್ತದೆ, ಹತ್ತನೇ ಸಲ ಬೀಳುತ್ತದೆ. ಹುಡುಕಲು ಇದಕ್ಕಿಂತ ಕಷ್ಟದ ತಪ್ಪು ಇಲ್ಲ.

ಇದಕ್ಕೆ ಹಳೆಯ ಇತಿಹಾಸವಿದೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಮೊದಲ ದಿನಗಳಲ್ಲಿ ಡೈರೆಕ್ಟರಿ ಮಾಡುವುದು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಒಂದೇ ಏಟಿನ ಕೆಲಸವಾಗಿರಲಿಲ್ಲ. 1979ರ ಏಳನೇ ಆವೃತ್ತಿಯಲ್ಲೂ ಎಂಕೆಡಿರ್ ಎಂಬುದು ರೂಟ್ ಅಧಿಕಾರದಲ್ಲಿ ಓಡುವ ಒಂದು ಪ್ರೋಗ್ರಾಂ. ಅದು ಮೊದಲು ಖಾಲಿ ಡೈರೆಕ್ಟರಿ ಹುಟ್ಟಿಸಿ, ಆಮೇಲೆ ಅದನ್ನು ಬಳಕೆದಾರರ ಹೆಸರಿಗೆ ಮಾಡುತ್ತಿತ್ತು. ಆ ಎರಡು ಹೆಜ್ಜೆಗಳ ನಡುವೆ ಯಾರಾದರೂ ಆ ಡೈರೆಕ್ಟರಿಯನ್ನು ತೆಗೆದು ಅದೇ ಹೆಸರಿನಲ್ಲಿ ಪಾಸ್‌ವರ್ಡ್ ಫೈಲನ್ನು ತಂದು ನಿಲ್ಲಿಸಿದರೆ? ಪಾಸ್‌ವರ್ಡ್ ಫೈಲೇ ಅವರ ಹೆಸರಿಗೆ ಆಗುತ್ತಿತ್ತು. 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಡೈರೆಕ್ಟರಿ ಮಾಡುವುದು ಕರ್ನಲ್‌ನ ಒಂದೇ ಕರೆಯಾಯಿತು. ಈಗ ಅದು ಆಗುತ್ತದೆ, ಇಲ್ಲವೇ ಆಗುವುದಿಲ್ಲ. ನಡುವೆ ಇನ್ನೊಬ್ಬ ನುಗ್ಗುವ ಸಂದಿ ಇಲ್ಲ.

ಆದ್ದರಿಂದ ಸರಿಯಾದ ಕ್ರಮವೂ ಅದೇ. ಮೊದಲು ನೋಡುವುದೇ ಬೇಡ, ನೇರ ಮಾಡಲು ಹೋಗಿ. 'ಈಗಾಗಲೇ ಇದೆ' ಎಂದು ಬಂದರೆ, ಇರುವುದು ಡೈರೆಕ್ಟರಿಯೇ ಹೌದಾ ಎಂದು ನೋಡಿ. ಹೌದಾದರೆ ಕೆಲಸ ಆಯಿತು, ಮುಂದಕ್ಕೆ ಹೋಗಿ. ಅದೇ ಹೆಸರಿನ ಫೈಲ್ ಆಗಿದ್ದರೆ ಮಾತ್ರ ನಿಲ್ಲಿಸಿ. ಈಗಿನ '-ಪಿ' ಇದನ್ನೇ ಮಾಡುತ್ತದೆ.

ಖಾಲಿ ಅಂಗಳದಲ್ಲಿ ತಾಲೀಮು

ಎರಡು ಸಲ ಸೋತ ಮೇಲೆ ಸ್ಕ್ರಿಪ್ಟ್ ಬಿಟ್ಟು ಸರಿಯಾದ ಪ್ಯಾಕೇಜ್ (ಕಂಪ್ಯೂಟರೇ ಲೆಕ್ಕ ಇಟ್ಟು ಹಾಕುವ, ತೆಗೆಯುವ ಫೈಲುಗಳ ಮೂಟೆ) ಮಾಡಲು ಹೊರಟೆ. ಆಗ ಎದುರಾದದ್ದು 'ಡೆಸ್ಟ್‌ಡಿರ್'. ಪ್ಯಾಕೇಜ್ ಕಟ್ಟುವವರು ಸಾಫ್ಟ್‌ವೇರನ್ನು ನಿಜವಾದ ಜಾಗಕ್ಕೆ ಇನ್‌ಸ್ಟಾಲ್ ಮಾಡುವುದಿಲ್ಲ. ಡೆಸ್ಟ್‌ಡಿರ್ ಎಂಬ ಹೆಸರಿನಲ್ಲಿ ಒಂದು ಖಾಲಿ ಡೈರೆಕ್ಟರಿ ಕೊಟ್ಟು, ಇದೇ ಇಡೀ ಕಂಪ್ಯೂಟರ್ ಎಂದುಕೊಂಡು ಇದರೊಳಗೆ ಇನ್‌ಸ್ಟಾಲ್ ಮಾಡು ಎನ್ನುತ್ತಾರೆ. ಅಲ್ಲಿ ಮೂಡಿದ ಮರವನ್ನೇ ಮೂಟೆ ಕಟ್ಟಿ ಪ್ಯಾಕೇಜ್ ಮಾಡುತ್ತಾರೆ. ಗ್ನೂ ಯೋಜನೆಯ ಕೋಡ್ ಬರೆಯುವ ನಿಯಮಗಳಲ್ಲಿ ಇದು ಬಹಳ ಕಾಲದಿಂದ ಇದೆ.

ಈ ಅಂಗಳ ಪೂರ್ತಿ ಖಾಲಿ. ನಮ್ಮ ಕಂಪ್ಯೂಟರಿನಲ್ಲಿ '/ಯುಎಸ್‌ಆರ್/ಶೇರ್' ಇದ್ದೇ ಇರುತ್ತದೆ ಎಂದು ನಂಬಿ ಬರೆದ ಸಾಲುಗಳೆಲ್ಲ ಇಲ್ಲಿ ಬೀಳುತ್ತವೆ. ಬೀಳಲಿ, ಅದೇ ಒಳ್ಳೆಯದು. ಫೈಲ್ ಇಡುವ ಮೊದಲು ಅದರ ಡೈರೆಕ್ಟರಿಯನ್ನು ಬುಡದಿಂದ ಕಟ್ಟುವುದು ಇನ್‌ಸ್ಟಾಲ್ ಮಾಡುವ ಹೆಜ್ಜೆಯದೇ ಕೆಲಸ ಎಂಬುದು ಇಲ್ಲಿ ಗೊತ್ತಾಗುತ್ತದೆ. ಪ್ರತಿ ದಾರಿಯ ಮುಂದೆಯೂ ಡೆಸ್ಟ್‌ಡಿರ್ ಸೇರಿರಬೇಕು. ಒಂದು ಕಡೆ ಮರೆತರೂ ಆ ಫೈಲ್ ನಿಜವಾದ ಕಂಪ್ಯೂಟರಿಗೆ ಹೋಗಿ ಬೀಳುತ್ತದೆ, ಪ್ಯಾಕೇಜಿನಲ್ಲಿ ಇರುವುದಿಲ್ಲ. ಇದನ್ನು ಹಿಡಿಯುವ ಸುಲಭ ಉಪಾಯ, ಈ ಹೆಜ್ಜೆಯನ್ನು ಯಾವತ್ತೂ ರೂಟ್ ಆಗಿ ಓಡಿಸದೇ ಇರುವುದು.

ಖಾಲಿ ಡೈರೆಕ್ಟರಿಗಳ ಇನ್ನೊಂದು ಪೇಚು: ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದ ಖಾಲಿ 'ಡೇಟಾ' ಬೇರೆ ಕಡೆ ಇಳಿಸಿಕೊಂಡಾಗ ಮಾಯ. ಅದನ್ನೂ ಇನ್‌ಸ್ಟಾಲ್ ಹೆಜ್ಜೆಯಲ್ಲೇ ಹೆಸರು ಹೇಳಿ ಮಾಡಬೇಕಾಯಿತು.

ಜಾತ್ರೆ ಮುಗಿದ ಮೇಲೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡ್ಕಿಬೈಲಿನ ಸುತ್ತ ಅಂಗಡಿಯೋ ಅಂಗಡಿ. ಅಕ್ಕಪಕ್ಕದ ಎರಡು ಅಂಗಡಿಯವರು ನಡುವೆ ಒಂದೇ ಕಂಬ ನೆಟ್ಟು ಇಬ್ಬರೂ ಚಪ್ಪರ ಕಟ್ಟಿಕೊಂಡಿದ್ದಾರೆ ಅಂದುಕೊಳ್ಳಿ. ಒಬ್ಬ ಮೊದಲೇ ಅಂಗಡಿ ಎತ್ತಿದ. ತನ್ನ ಸಾಮಾನು, ತನ್ನ ಚಪ್ಪರ ಒಯ್ಯುತ್ತಾನೆ. ಕಂಬ ಕೀಳುವುದಿಲ್ಲ, ಪಕ್ಕದವನ ಚಪ್ಪರ ಅದರ ಮೇಲಿದೆ. ಪಕ್ಕದವನೂ ಎತ್ತುವಾಗ ಕಂಬ ಕೀಳುತ್ತಾನೆ. ಇಬ್ಬರೂ ರಸ್ತೆಯನ್ನಂತೂ ಮುಟ್ಟುವುದಿಲ್ಲ.

ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂಗಳಾದ ಡೆಬಿಯನ್ ಲಿನಕ್ಸ್‌ನ ಡಿಪಿಕೆಜಿ, ರೆಡ್ ಹ್ಯಾಟ್ ಲಿನಕ್ಸ್ ಕಡೆಯ ಆರ್‌ಪಿಎಂ ಎರಡೂ ಡೈರೆಕ್ಟರಿಗಳನ್ನು ಹೆಚ್ಚುಕಡಿಮೆ ಹೀಗೇ ನೋಡುತ್ತವೆ. ಒಂದು ಫೈಲಿಗೆ ಸಾಮಾನ್ಯವಾಗಿ ಒಂದೇ ಪ್ಯಾಕೇಜ್ ಒಡೆಯ. ಡೈರೆಕ್ಟರಿಗೆ ಹಲವರು ಒಡೆಯರು ಇರಬಹುದು. ಪ್ಯಾಕೇಜ್ ತೆಗೆಯುವಾಗ ಬೇರೆ ಒಡೆಯರು ಇದ್ದರೆ ಡೈರೆಕ್ಟರಿ ಉಳಿಯುತ್ತದೆ. ಕೊನೆಯ ಒಡೆಯನೂ ಹೋದಾಗ, ಒಳಗೆ ಏನೂ ಇಲ್ಲದಿದ್ದರೆ ಮಾತ್ರ ಅದು ಹೋಗುತ್ತದೆ. ಒಳಗೆ ಏನಾದರೂ ಇದ್ದರೆ ಡಿಪಿಕೆಜಿ 'ಖಾಲಿ ಇಲ್ಲ, ಹಾಗಾಗಿ ತೆಗೆದಿಲ್ಲ' ಎಂದು ಎಚ್ಚರಿಸಿ ಬಿಟ್ಟುಬಿಡುತ್ತದೆ.

ಎಡವಟ್ಟಾಗುವುದು ಒಡೆಯನೇ ಇಲ್ಲದ ಡೈರೆಕ್ಟರಿಗಳಿಂದ. ಆರ್‌ಪಿಎಂನಲ್ಲಿ ಪ್ಯಾಕೇಜ್ ಮಾಡುವವರು ಫೈಲುಗಳ ಪಟ್ಟಿ ಕೊಡುತ್ತಾರೆ. '/ಯುಎಸ್‌ಆರ್/ಶೇರ್/ತೂಕ/ಚೀಟಿ' ಎಂಬ ಫೈಲನ್ನು ಮಾತ್ರ ಪಟ್ಟಿಗೆ ಸೇರಿಸಿ 'ತೂಕ' ಡೈರೆಕ್ಟರಿಯನ್ನು ಮರೆತರೆ ಇನ್‌ಸ್ಟಾಲ್ ಏನೋ ಆಗುತ್ತದೆ, ಡೈರೆಕ್ಟರಿಯೂ ಹುಟ್ಟುತ್ತದೆ. ಆದರೆ ಅದು ಯಾರ ಲೆಕ್ಕದಲ್ಲೂ ಇಲ್ಲ. ಪ್ಯಾಕೇಜ್ ತೆಗೆದ ಮೇಲೂ ಅದು ಅಲ್ಲೇ ಬಿದ್ದಿರುತ್ತದೆ. ಆರ್‌ಪಿಎಂ ಬಳಸುವ ಫೆಡೋರಾ ಲಿನಕ್ಸ್‌ನವರ ನಿಯಮ ಇಲ್ಲಿ ಸ್ಪಷ್ಟ: ನೀವು ಮಾಡುವ ಡೈರೆಕ್ಟರಿಗೆ ನೀವೇ ಒಡೆಯರಾಗಿ, ಇಲ್ಲವೇ ಒಡೆಯನಾದ ಇನ್ನೊಂದು ಪ್ಯಾಕೇಜ್ ಮೇಲೆ ಅವಲಂಬಿಸಿ. '/ಯುಎಸ್‌ಆರ್', '/ವರ್', '/ಇಟಿಸಿ' ಇಂಥ ಊರ ರಸ್ತೆಗಳಿಗೆ 'ಫೈಲ್‌ಸಿಸ್ಟಂ' ಎಂಬ ಮೂಲ ಪ್ಯಾಕೇಜ್ ಒಡೆಯ. ನಮ್ಮ ಸಣ್ಣ ಪ್ಯಾಕೇಜ್ ಅವುಗಳ ಒಡೆತನಕ್ಕೆ ಕೈ ಹಾಕಬಾರದು. ಯಾವ ಡೈರೆಕ್ಟರಿ ಯಾವುದಕ್ಕೆ ಎಂಬ ನಕ್ಷೆ (ಈಗಿನ ಹೆಸರು 'ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್') 1994ರಿಂದ ಇದೆ, ಈಗಿನ 3.0 ಆವೃತ್ತಿ ಬಂದಿದ್ದು 2015ರಲ್ಲಿ. ಹೊಸ ಜಾಗ ಹುಡುಕುವ ಮೊದಲು ಅದನ್ನೊಮ್ಮೆ ಓದಿದರೆ ಸಾಕು.

'/ಯುಎಸ್‌ಆರ್/ಲೋಕಲ್' ಇನ್ನೂ ಸೂಕ್ಷ್ಮ. ಅದು ಆ ಕಂಪ್ಯೂಟರ್ ನೋಡಿಕೊಳ್ಳುವವರ ಸ್ವಂತ ಹಿತ್ತಲು. ಡೆಬಿಯನ್ ನೀತಿಯ ಪ್ರಕಾರ ಪ್ಯಾಕೇಜ್ ಅಲ್ಲಿ ಫೈಲ್ ಇಡುವಂತಿಲ್ಲ. ಖಾಲಿ ಡೈರೆಕ್ಟರಿ ಮಾಡಿಕೊಡಬಹುದು, ಹೋಗುವಾಗ ಖಾಲಿ ಇದ್ದರೆ ತೆಗೆಯಬೇಕು. ಮಾಡಲು ಆಗದಿದ್ದರೂ ಇನ್‌ಸ್ಟಾಲ್ ನಿಲ್ಲಬಾರದು.

ತೆಗೆಯುವ ಕೆಲಸಕ್ಕೆ 'ಆರ್‌ಎಂಡಿರ್' ಬಳಸಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಅದು ಖಾಲಿ ಡೈರೆಕ್ಟರಿಯನ್ನು ಮಾತ್ರ ತೆಗೆಯುತ್ತದೆ. 'ಆರ್‌ಎಂ -ಆರ್‌ಎಫ್' ಒಳಗಿರುವುದನ್ನೆಲ್ಲ ಕೇಳದೇ ಅಳಿಸುತ್ತದೆ. 2011ರಲ್ಲಿ ಬಂಬಲ್‌ಬೀ ಎಂಬ ಸಾಫ್ಟ್‌ವೇರ್‌ನ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದು ದಾರಿಯ ನಡುವೆ, '/ಯುಎಸ್‌ಆರ್' ಆದ ಮೇಲೆ, ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಒಂದೇ ಒಂದು ಸ್ಪೇಸ್. ಕಮಾಂಡಿಗೆ ಅದು ಎರಡು ದಾರಿಯಾಗಿ ಕಂಡಿತು. ಬಳಸಿದವರ ಕಂಪ್ಯೂಟರಿನ '/ಯುಎಸ್‌ಆರ್' ಪೂರ್ತಿ ಅಳಿಸಿತು.

ಪ್ರತಿ ಮಳೆಗಾಲಕ್ಕೆ ಹೊಸ ಸಂಕ

ಪ್ಯಾಕೇಜ್ ಸಿದ್ಧವಾಯಿತು, ಗುಮಾಸ್ತರ ಲಾಗಿನ್‌ನಲ್ಲೂ ತೆರೆಯಿತು. ವಾರ ಕಳೆದು ಜೋರು ಮಳೆಗೆ ಕರೆಂಟ್ ಹೋಯಿತು, ಮತ್ತೆ ಬಂತು. ಚೀಟಿ ಮುದ್ರಿಸುವ ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಏಳಲೇ ಇಲ್ಲ.

ಆ ಸರ್ವೀಸ್ ತಾನು ಓಡುತ್ತಿರುವ ಗುರುತನ್ನು '/ರನ್/ತೂಕ' ಎಂಬ ಡೈರೆಕ್ಟರಿಯಲ್ಲಿ ಇಡುತ್ತಿತ್ತು. ಆ ಡೈರೆಕ್ಟರಿಯನ್ನು ನನ್ನ ಪ್ಯಾಕೇಜ್ ಇನ್‌ಸ್ಟಾಲ್ ಹೊತ್ತಿಗೆ ಮಾಡಿತ್ತು. ಆದರೆ '/ರನ್' ಡಿಸ್ಕ್ ಮೇಲೆ ಇರುವುದಿಲ್ಲ. 2011ರ ಸುಮಾರಿಗೆ ಲಿನಕ್ಸ್ ವಿತರಣೆಗಳು ಅದನ್ನು ಬಳಸಲು ಶುರು ಮಾಡಿದಾಗಿನಿಂದ ಅದು ಮೆಮೊರಿಯಲ್ಲೇ ಇರುತ್ತದೆ. ಕಂಪ್ಯೂಟರ್ ಆರಿದರೆ ಒಳಗಿನದೆಲ್ಲ ಹೋಯಿತು.

ನಮ್ಮಲ್ಲಿ ಹಳ್ಳದ ಮೇಲೆ ಅಡಿಕೆ ಮರ, ಬಿದಿರು ಹಾಸಿ ಕಾಲುಸಂಕ ಕಟ್ಟುತ್ತಾರೆ. ಮಳೆಗಾಲದ ನೆರೆಗೆ ಅದು ಕೊಚ್ಚಿಹೋಗುತ್ತದೆ. ಹಾಗಾಗಿ 'ಸಂಕ ಇದೆ' ಅನ್ನುವುದಕ್ಕಿಂತ 'ಪ್ರತಿ ವರ್ಷ ಸಂಕ ಹಾಕುವವರು ಇದ್ದಾರೆ' ಅನ್ನುವುದು ಮುಖ್ಯ. '/ರನ್' ಒಳಗಿನ ಡೈರೆಕ್ಟರಿ ಇಂಥದೇ ಸಂಕ. ಒಂದು ಸಲ ಕಟ್ಟಿ ಬಂದರೆ ಆಗದು. ಪ್ರತಿ ಸಲ ಕಂಪ್ಯೂಟರ್ ಏಳುವಾಗ ಕಟ್ಟುವ ಹೊಣೆಯನ್ನು ಯಾರಿಗಾದರೂ ಒಪ್ಪಿಸಬೇಕು.

ಲಿನಕ್ಸ್ ಏಳುವಾಗ ಸರ್ವೀಸುಗಳನ್ನು ಎಬ್ಬಿಸುವ 'ಸಿಸ್ಟಂಡಿ' ಇರುವ ಕಂಪ್ಯೂಟರಿನಲ್ಲಿ ಇದಕ್ಕೆ ಎರಡು ದಾರಿ. 'ಟೆಂಪ್‌ಫೈಲ್ಸ್' ಪಟ್ಟಿಯಲ್ಲಿ ಒಂದು ಸಾಲು ಬರೆದಿಡಬಹುದು: ಈ ಡೈರೆಕ್ಟರಿ, ಈ ಅನುಮತಿ, ಈ ಮಾಲೀಕ, ಈ ಗುಂಪು. ಏಳುವಾಗಲೆಲ್ಲ ಅದು ಓದಿ ಮಾಡಿಕೊಡುತ್ತದೆ. ಇಲ್ಲವೇ ಸರ್ವೀಸಿನ ಫೈಲಿನಲ್ಲೇ 'ರನ್‌ಟೈಮ್‌ಡೈರೆಕ್ಟರಿ' ಎಂದು ಹೆಸರು ಕೊಡಬಹುದು. ಸರ್ವೀಸ್ ಏಳುವ ಮೊದಲು ಡೈರೆಕ್ಟರಿ ಹುಟ್ಟುತ್ತದೆ, ನಿಂತಾಗ ಹೋಗುತ್ತದೆ. ಒಂದೇ ಸರ್ವೀಸ್ ಬಳಸುವುದಾದರೆ ನನಗೆ ಎರಡನೆಯದೇ ಇಷ್ಟ. ಡೈರೆಕ್ಟರಿಯ ಆಯುಷ್ಯ ಅದನ್ನು ಬಳಸುವವರ ಆಯುಷ್ಯಕ್ಕೇ ಕಟ್ಟಿಕೊಂಡಿರುತ್ತದೆ.

ಅದೇ ಮಳೆಗಾಲದಲ್ಲಿ ಇನ್ನೊಂದು ಪಾಠವಾಯಿತು. ಸೊಸೈಟಿಯ ಬ್ಯಾಕಪ್‌ಗೆ ಹೊರಗಿನ ಡಿಸ್ಕ್ ಒಂದಿತ್ತು. ಕರೆಂಟ್ ಹೋಗಿ ಬಂದ ಮೇಲೆ ಅದು ಜೋಡಣೆಯಾಗಿರಲಿಲ್ಲ. ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಎದ್ದಿತು, ಡೈರೆಕ್ಟರಿ ಇಲ್ಲ ಎಂದು 'ಎಂಕೆಡಿರ್ -ಪಿ' ತಾನೇ ಕಟ್ಟಿತು. ಎಲ್ಲಿ? ಒಳಗಿನ ಡಿಸ್ಕಿನ ಮೇಲೆ. ಹದಿನೈದು ದಿನ ಬ್ಯಾಕಪ್ ಆಗುತ್ತಿದೆ ಎಂದೇ ಎಲ್ಲರೂ ತಿಳಿದಿದ್ದೆವು. ಒಳಗಿನ ಡಿಸ್ಕ್ ತುಂಬಿದಾಗಲೇ ಗೊತ್ತಾಗಿದ್ದು. ಇಲ್ಲದ್ದನ್ನೆಲ್ಲ ಕೇಳದೇ ಕಟ್ಟುವ '-ಪಿ' ಎಲ್ಲ ಕಡೆಗೂ ಸರಿಯಲ್ಲ. ಮೇಲಿನ ಡೈರೆಕ್ಟರಿ ಇರಲೇಬೇಕು, ಇಲ್ಲದಿದ್ದರೆ ಏನೋ ತಪ್ಪಾಗಿದೆ ಅನ್ನುವ ಜಾಗದಲ್ಲಿ ಬೀಳುವುದೇ ಒಳ್ಳೆಯದು. ಈಗ ಆ ಸ್ಕ್ರಿಪ್ಟ್ ಮೊದಲು 'ಮೌಂಟ್‌ಪಾಯಿಂಟ್' ಕಮಾಂಡಿನಿಂದ ಡಿಸ್ಕ್ ಜೋಡಣೆಯಾಗಿದೆಯಾ ಎಂದು ಕೇಳುತ್ತದೆ. ಇಲ್ಲದಿದ್ದರೆ ಜೋರಾಗಿ ದೂರು ಹೇಳಿ ನಿಲ್ಲುತ್ತದೆ.

ಈಗ ಪ್ಯಾಕೇಜ್ ಕೊಡುವ ಮೊದಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಹೊಸ ಕಂಪ್ಯೂಟರಿನಲ್ಲಿ ಎಲ್ಲ ಡೈರೆಕ್ಟರಿಗಳ ಹೆಸರು, ಮಾಲೀಕ, ಅನುಮತಿ ಪಟ್ಟಿ ಮಾಡಿಕೊಳ್ಳುತ್ತೇನೆ. ಯುಮಾಸ್ಕ್ 077 ಇಟ್ಟು ಇನ್‌ಸ್ಟಾಲ್ ಮಾಡುತ್ತೇನೆ. ಸಾದಾ ಲಾಗಿನ್‌ನಿಂದ ಪ್ರೋಗ್ರಾಂ ತೆರೆದು ಒಂದು ಚೀಟಿ ತೆಗೆಯುತ್ತೇನೆ. ಕಂಪ್ಯೂಟರ್ ಆರಿಸಿ ಹಚ್ಚಿ ಇನ್ನೊಂದು ಚೀಟಿ. ಆಮೇಲೆ ಪ್ಯಾಕೇಜ್ ತೆಗೆದು ಮತ್ತೆ ಪಟ್ಟಿ ಮಾಡಿ ಎರಡನ್ನೂ ಹೋಲಿಸುತ್ತೇನೆ. ತೂಕದ ಪ್ಯಾಕೇಜಿನಲ್ಲಿ ಈಗ ಒಂದೇ ಒಂದು ವ್ಯತ್ಯಾಸ ಬರುತ್ತದೆ: '/ವರ್/ಲಿಬ್/ತೂಕ', ಒಳಗೆ ಆ ಎರಡು ಚೀಟಿಗಳ ಲೆಕ್ಕ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಸೊಸೈಟಿಯ ಸದಸ್ಯರದ್ದು, ಅಳಿಸುವುದಿದ್ದರೆ ಅವರೇ ಅಳಿಸಬೇಕು.